ಬಿಯರಿನ ತೊಟ್ಟಿಯಲ್ಲಿ ಕಲಿತ ಗಂಜಿ

ಚಳ್ಳಕೆರೆ

ಸಮುದ್ರ ದಾಟಿ ಬಂದವನನ್ನು ನಮ್ಮ ಕಡೆಯ ಜನ ಸುಮ್ಮನೆ ಬಿಡುವುದಿಲ್ಲ. ಸಂತೆಗೆ ಹೋದರೆ ಸಂತೆಯಲ್ಲಿ, ಮಠಕ್ಕೆ ಹೋದರೆ ಮಠದಲ್ಲಿ ಹಿಡಿದು ಕೂರಿಸಿ, "ಹಡಗು ಎಷ್ಟು ದೊಡ್ಡದೈತೆ? ರಾಜನ್ನ ನೋಡಿದ್ಯಾ?" ಎಂದು ಕೇಳುತ್ತಾರೆ. ರಾಜನನ್ನು ನಾನು ನೋಡಲಿಲ್ಲ. ಲಂಡನ್ನಿನಲ್ಲಿ ಇಳಿದ ದಿನ ಎಂಥ ಮಂಜು ಕವಿದಿತ್ತೆಂದರೆ ಎದುರಿಗೆ ನಿಂತ ಕುದುರೆಯೂ ನೆಟ್ಟಗೆ ಕಾಣಲಿಲ್ಲ. ಆರು ತಿಂಗಳು ಆ ದೇಶದಲ್ಲಿದ್ದು ನಾನು ಕಣ್ಣು ತುಂಬ ನೋಡಿದ್ದು ಒಂದು ಮರದ ತೊಟ್ಟಿಯನ್ನು. ಅದರ ಕಥೆ ಶುರು ಮಾಡಿದರೆ ಕೇಳುವವರು ಅರ್ಧಕ್ಕೆ ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಎದ್ದು ಹೋಗುವವರು ಈಗಲೂ ಹೋಗಬಹುದು.

ನಾನು ಕೆರೆಗಳ ನಕ್ಷೆ ಬರೆಯುವ ಗುಮಾಸ್ತ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೆರೆಗಳನ್ನು ಅಳೆಯುತ್ತ ವರ್ಷಗಟ್ಟಲೆ ಬಿಸಿಲಲ್ಲಿ ಬೆಂದ ಒಬ್ಬ ಇಂಗ್ಲಿಷ್ ಇಂಜಿನಿಯರು ದೊರೆಯ ಕೈಕೆಳಗೆ ಇದ್ದೆ. ದೊರೆಗೆ ನಿವೃತ್ತಿಯಾಯಿತು. ಊರಿಗೆ ಹೋಗಿ ನಮ್ಮ ಕೆರೆಗಳ ಮೇಲೆ ಪುಸ್ತಕ ಬರೆಯಬೇಕೆಂಬ ಹುಚ್ಚು ಅವರಿಗೆ. ಹಳೆಯ ಕನ್ನಡ ಕಾಗದಗಳನ್ನು ಓದಿ ಹೇಳಲು ನಾನು ಬೇಕಾಗಿತ್ತು. "ಆರು ತಿಂಗ್ಳು ಬಾರಲೇ ಚನ್ನಪ್ಪ, ಆಮ್ಯಾಕೆ ನಾನೇ ಹಡಗು ಹತ್ತಿಸ್ತೀನಿ" ಎಂದರು. ಅವರು ಕನ್ನಡ ಕಲಿತದ್ದು ಕೆರೆಯ ಏರಿಗೆ ಮಣ್ಣು ಹೊರುವ ಕೂಲಿಗಳಿಂದ. ಅಮಲ್ದಾರರ ಎದುರಿಗೂ ಅದೇ ಭಾಷೆ.

ಆಗ ನನ್ನ ಮಗಳು ಪಾರಿ ಐದು ತಿಂಗಳ ಕೂಸು. ಅವಳಿಗಿಂತ ಮೊದಲು ಹುಟ್ಟಿದ ಮಗು ಹತ್ತು ತಿಂಗಳಿಗೇ ವಾಂತಿಭೇದಿಯಲ್ಲಿ ತೀರಿಕೊಂಡಿತ್ತು. ನನ್ನ ಹೆಂಡತಿ ಗೌರವ್ವನಿಗೆ ಎದೆಹಾಲು ಸಾಲದು. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ತವರಿನಲ್ಲಿದ್ದುಕೊಂಡು ಮೊಳಕೆ ರಾಗಿ ಹಿಟ್ಟಿನ ಗಂಜಿ ಕುಡಿಸುತ್ತಿದ್ದಳು. ಮೊದಲ ಮಗು ಹೋದಾಗ ಆಸ್ಪತ್ರೆಯ ಕಾಂಪೌಂಡರು, "ಏನು ಕೊಟ್ರೂ ಕುದಿಸಿ ಕೊಡ್ರಿ" ಎಂದಿದ್ದರು. ನಾನು ನಾಲ್ಕಕ್ಷರ ಕಲಿತವನಲ್ಲವೇ, ಅದನ್ನೇ ಹಿಗ್ಗಿಸಿ ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ: ಹಿಟ್ಟನ್ನು ಕಳಕಳ ಕುದಿಯುವ ನೀರಿಗೇ ಹಾಕಬೇಕು, ಕೆಳಗಿಳಿಸುವವರೆಗೂ ಕುದಿ ತಪ್ಪಬಾರದು. ಹಾಗೆ ಮಾಡಿದ ಗಂಜಿ ಅಂಟಿನಂತೆ ಗಟ್ಟಿಯಾಗುತ್ತಿತ್ತು. ಪಾರಿ ಎರಡು ಒಳಲೆ ಕುಡಿದು ಬಾಯಿ ಮುಚ್ಚಿಬಿಡುತ್ತಿದ್ದಳು. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಕುಡಿಯುತ್ತಿದ್ದಳು, ಆದರೆ ಮೈಗೆ ಹತ್ತುತ್ತಿರಲಿಲ್ಲ. ಹೊರಡುವ ದಿನ ಎತ್ತಿಕೊಂಡೆ. ಕೈಯಲ್ಲಿ ಕೂಸಿದೆ ಎಂದು ಅನ್ನಿಸಲೇ ಇಲ್ಲ, ಅಷ್ಟು ಹಗುರ.

"ಹೋಗ್ಬ್ಯಾಡ್ರಿ" ಎಂದು ಗೌರವ್ವ ಹೇಳಲಿಲ್ಲ. "ಅಲ್ಲಿ ದೊಡ್ಡ ದೊಡ್ಡ ಡಾಕ್ಟ್ರು ಇರ್ತಾರಂತಲ್ಲ, ಮಗೀಗೇನು ಕೊಡ್ಬೇಕು ಅಂತ ಕೇಳಿ ಬರೀರಿ" ಎಂದಳು. ನಾನು ಹೊತ್ತುಕೊಂಡು ಹೋದದ್ದು ಆ ಒಂದು ಮಾತನ್ನು.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅಣ್ಣ ಗುರುಬಸಣ್ಣ. ಚಳ್ಳಕೆರೆಯಲ್ಲಿ ಅವನಿಗೆ ಕಾಳು ಮತ್ತು ಎಣ್ಣೆಯ ಅಂಗಡಿ. ಗೌರವ್ವನಿಗೆ ಓದು ಬಾರದು. ಕಾಗದ ಅಣ್ಣನ ಅಂಗಡಿಗೆ ಬರುವುದು, ಮೊಳಕಾಲ್ಮೂರು ಸಂತೆಗೆ ಹೋಗುವ ಗಾಡಿಯವರ ಕೈಲಿ ಅವನು ಸಿದ್ದಾಪುರಕ್ಕೆ ಸುದ್ದಿ ಹೇಳಿ ಕಳಿಸುವುದು ಎಂದು ಮಾತಾಯಿತು. ಗಾಡಿ ಹತ್ತುವಾಗ ಅಣ್ಣ ಹೇಳಿದ: "ಲೇ ಚನ್ನ, ಅಲ್ಲಿ ಹೆಂಡ ಮುಟ್ಟಿದ್ದಿ ಅಂತ ನನ್ನ ಕಿವಿಗೆ ಬಿತ್ತೋ, ಈ ಹೊಸ್ಲು ತುಳೀಬ್ಯಾಡ." ಎದೆಯ ಮೇಲಿನ ಲಿಂಗ ಹಿಡಿದು ಆಣೆ ಮಾಡಿದೆ.

ಹಡಗಿನಲ್ಲಿ

ಹಡಗಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮೊದಲ ವಾರ ವಾಂತಿ, ಎರಡನೇ ವಾರ ವಾಂತಿಯ ಭಯ. ಅತ್ತಿಗೆ ಕಟ್ಟಿಕೊಟ್ಟಿದ್ದ ಸಜ್ಜೆ ರೊಟ್ಟಿ ನಮ್ಮೂರಿನ ಗಾಳಿಯಲ್ಲಿ ತಿಂಗಳಿಟ್ಟರೂ ಗರಿಗರಿಯಾಗಿರುತ್ತದೆ. ಉಪ್ಪುಗಾಳಿ ಬಡಿದು ಅದಕ್ಕೆ ಆರನೇ ದಿನಕ್ಕೇ ಹಸಿರು ಬೂಸು ಹತ್ತಿತು. ಬೂಸು ಒರೆಸಿ ತಿನ್ನುತ್ತಿದ್ದೆ. ಅದನ್ನು ನೋಡಿದ ಗೋವೆಯ ಬಡಿಸುವವನೊಬ್ಬ ರೊಟ್ಟಿಯ ಗಂಟನ್ನು ನನ್ನ ಕೈಯಿಂದ ಕಿತ್ತು ನೀರಿಗೆ ಎಸೆದು, ನನ್ನ ತಟ್ಟೆಗೆ ಬರೀ ಅನ್ನ ಹಾಕಿದ. ಉಪಕಾರವೇ ಮಾಡಿದ, ಆದರೆ ಆ ರೊಟ್ಟಿ ನೀರಿನ ಮೇಲೆ ತೇಲುತ್ತ ಹಿಂದೆ ಉಳಿದಾಗ ನನಗೆ ಅಳು ಬಂತು. ಮೂವತ್ತೈದು ವರ್ಷದ ಗಂಡಸು ರೊಟ್ಟಿಗಾಗಿ ಅತ್ತೆ.

ಕೂತಲ್ಲಿ ಒಂದೇ ಲೆಕ್ಕ. ನಾನು ಇಷ್ಟು ದಿನ ಪ್ರಯಾಣ ಮಾಡಿದರೆ ನನ್ನ ಕಾಗದಕ್ಕೂ ಊರು ಮುಟ್ಟಲು ಇಷ್ಟೇ ದಿನ ಬೇಕು. ಇವತ್ತು ಪಾರಿಗೆ ಜ್ವರ ಬಂದರೆ ನನಗೆ ಗೊತ್ತಾಗುವುದು ಮುಂದಿನ ತಿಂಗಳು.

ದೊರೆಯ ಊರು

ದೊರೆಯ ಊರು ಒಂದು ಹಳ್ಳಿ. ಸುತ್ತ ಹಸಿರೋ ಹಸಿರು. ಅಷ್ಟು ಹಸಿರು ನೋಡಿ ನನಗೆ ಸಂತೋಷವಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಒಂದು ಮಳೆಗಾಗಿ ಜಟಿಂಗ ರಾಮೇಶ್ವರನಿಗೆ ಬೆಟ್ಟ ಹತ್ತಿ ಅಭಿಷೇಕ ಮಾಡಿಸುತ್ತೇವೆ. ಇಲ್ಲಿ ಜನ ದಿನಾ ಬೀಳುವ ಮಳೆಗೆ ಬೈದುಕೊಂಡು ಓಡಾಡುತ್ತಾರೆ. ಇಬ್ಬರು ಎದುರಾದರೆ ಮೊದಲ ಮಾತು ಮೋಡದ್ದು. ಊಟ ಆಯಿತೇ ಎಂದು ಆರು ತಿಂಗಳಲ್ಲಿ ಒಬ್ಬನೂ ಕೇಳಲಿಲ್ಲ. ನಾಯಿ ಅಡುಗೆಮನೆಯ ಒಲೆಯ ಪಕ್ಕ ಮಲಗುತ್ತದೆ, ಮನುಷ್ಯನಾದ ನಾನು ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೇಳಿದರೆ ನಗುತ್ತಾರೆ.

ಮನೆ ನಡೆಸುವವರು ದೊರೆಯ ಅಕ್ಕ, ವಿಧವೆ. ಹೆಸರು ಎಲೆನ್, ನಾನು ಎಲೆನಮ್ಮ ಎನ್ನುತ್ತಿದ್ದೆ. ಬಂದ ದಿನವೇ ಅವರಿಗೆ ಪಾರಿಯ ವಿಷಯ ಹೇಳಿ, ಡಾಕ್ಟರು ಎಲ್ಲಿ ಎಂದು ಕೇಳಿದೆ. ಕರೆದುಕೊಂಡು ಹೋದರು. ಆ ಡಾಕ್ಟರು ಕೇಳಿಸಿಕೊಂಡು, ಹಸುವಿನ ಹಾಲು ಕೊಡಿ, ಡಬ್ಬಿಯ ಹಿಟ್ಟು ಕೊಡಿ ಎಂದರು. ಹಸುವಿನ ಹಾಲು ಅವಳಿಗೆ ದಕ್ಕುವುದಿಲ್ಲ ಎಂದೆ. ಡಬ್ಬಿಯ ಹಿಟ್ಟು ಸಿದ್ದಾಪುರದಲ್ಲಿ ಎಲ್ಲಿ ಸಿಗಬೇಕು? ಅವರು ಹೆಗಲು ಕುಣಿಸಿದರು. ಇಷ್ಟು ದೂರ ಬಂದದ್ದು ಇದಕ್ಕಾಯಿತು ಎಂದುಕೊಂಡು ಮಳೆಯಲ್ಲಿ ನೆನೆಯುತ್ತ ಮನೆಗೆ ಬಂದೆ.

ಆ ಮನೆಯಲ್ಲಿ ಬಿಯರನ್ನು ಮನೆಯಲ್ಲೇ ಮಾಡುತ್ತಿದ್ದರು. ಹಿತ್ತಿಲಲ್ಲಿ ಅದಕ್ಕೆಂದೇ ಒಂದು ಕೋಣೆ, ತಾಮ್ರದ ಹಂಡೆ, ತಳದಲ್ಲಿ ತೂತಿರುವ ದೊಡ್ಡ ಮರದ ತೊಟ್ಟಿ. ಜವೆಗೋಧಿಯನ್ನು ನಾವು ರಾಗಿ ನೆನೆಸಿ ಮೊಳಕೆ ಬರಿಸುವಂತೆಯೇ ಮೊಳೆಸಿ ಒಣಗಿಸುತ್ತಾರೆ. ಅದನ್ನು ಒಡೆದು ಬಿಸಿನೀರಿನ ಜೊತೆ ತೊಟ್ಟಿಯಲ್ಲಿ ಮುಚ್ಚಿಡುತ್ತಾರೆ. ಕಾಳಿನ ಸಿಹಿಯೆಲ್ಲ ನೀರಿಗೆ ಇಳಿಯುತ್ತದೆ. ಆ ಸಿಹಿರಸ ಮುಂದೆ ಹುಳಿ ಬಂದರೆ ಬಿಯರು.

ದೊರೆಗೆ ಮೊದಲಿನಿಂದಲೂ ಒಂದು ಚಟ. ಕೆರೆಯ ಮೇಲೆ ಬಿದ್ದ ಮಳೆಯಲ್ಲಿ ತೂಬಿಗೆ ಬಂದ ನೀರೆಷ್ಟು, ನಡುವೆ ಇಂಗಿದ್ದೆಷ್ಟು ಎಂದು ಕೂದಲು ಸೀಳುವುದು. ಇಲ್ಲಿ ಕೆರೆ ಇಲ್ಲ, ಅದಕ್ಕೇ ತೊಟ್ಟಿಯನ್ನು ಹಿಡಿದುಕೊಂಡರು. ರಸದಲ್ಲಿ ಒಂದು ಗಾಜಿನ ಬುರುಡೆಯನ್ನು ತೇಲಿಬಿಡುತ್ತಿದ್ದರು. ರಸ ಸಿಹಿಯಿದ್ದಷ್ಟೂ ಬುರುಡೆ ಮೇಲೆ ನಿಲ್ಲುತ್ತದೆ. ಅದರ ಮೇಲಿನ ಗೆರೆ ನೋಡಿ, ಕಾಗದದ ಮೇಲೆ ಕೂಡಿ ಕಳೆದು ನನಗೆ ಹೇಳುತ್ತಿದ್ದರು: "ಕಾಳ್ನಾಗೆ ಹದ್ನಾರಾಣೆ ಸಿಹಿ ಐತೆ. ತೊಟ್ಯಾಗಿಂದ ಬಂದಿದ್ದು ಒಂಬತ್ತಾಣೆ. ಉಳಿದಿದ್ದು ಎಲ್ಲೋಯ್ತಲೇ ಚನ್ನಪ್ಪ?"

ಹೆಂಡದ ಕೋಣೆಯಲ್ಲಿ ನಿಂತದ್ದಕ್ಕೇ ಮೈ ಹಿಡಿಯಾಗಿತ್ತು. ಆದರೆ ಕೆರೆಯ ಕಾಗದ ಓದುವ ಕೆಲಸ ದಿನಕ್ಕೆ ಎರಡು ಗಂಟೆಯದ್ದು. ಮಿಕ್ಕ ಹೊತ್ತು ಸುಮ್ಮನೆ ಕೂತರೆ ಪಾರಿಯ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಕೆಲಸ ಮಾಡುತ್ತೇನೆ, ಕುಡಿಯುವುದಿಲ್ಲ ಎಂದು ಹೇಳಿ ಸೇರಿಕೊಂಡೆ.

ನಾನು ಕೆಡಿಸಿದ ತೊಟ್ಟಿ

ಕಾಳು ಒಡೆಯುವ ಕೈಗಿರಣಿ ನನ್ನ ಪಾಲಿಗೆ ಬಂತು. ಎಲೆನಮ್ಮ ಒಡೆದಿಟ್ಟದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಒಂದು ಕಾಳು ಎರಡು ಮೂರು ಚೂರು, ಅಷ್ಟೇ. ಹೊಟ್ಟೆಲ್ಲ ಹಾಗೇ ಇದೆ. ನಮ್ಮ ಮನೆಯ ಹೆಂಗಸರು ಹೀಗೆ ಬೀಸಿ ಮುಂದಿಟ್ಟರೆ ಅತ್ತೆಯಾದವಳು ಬೀಸುವ ಕಲ್ಲಿನ ಗೂಟವನ್ನೇ ಕಿತ್ತು ಕೈಗೆ ಕೊಟ್ಟಾಳು. ಏಳಾಣೆ ಸಿಹಿ ಎಲ್ಲಿ ಹೋಯಿತೆಂದು ಕೇಳುವ ದೊರೆಗೆ ಇದು ಕಾಣಲಿಲ್ಲವೇ ಎಂದುಕೊಂಡೆ. ನುಣ್ಣಗೆ ಬೀಸಿದರೆ ತಾನೇ ಸಿಹಿ ಬಿಡುವುದು?

ಗಿರಣಿಯನ್ನು ಬಿಗಿ ಮಾಡಿ ಮುದ್ದೆಯ ಹಿಟ್ಟಿನಂತೆ ನುಣ್ಣಗೆ ಬೀಸಿದೆ. ಮೊರ ಸಿಗಲಿಲ್ಲ, ಚಹಾ ತರುವ ತಟ್ಟೆಯಲ್ಲೇ ಕೇರಿ ಹೊಟ್ಟನ್ನೆಲ್ಲ ಹಾರಿಸಿ ಕೋಳಿಗೆ ಹಾಕಿದೆ. ಒಂದು ಬೆಳಗ್ಗೆ ಪೂರ್ತಿ ದುಡಿದೆ. ತೊಟ್ಟಿಗೆ ಹಿಟ್ಟು ಬಿತ್ತು, ಬಿಸಿನೀರು ಬಿತ್ತು, ಮುಚ್ಚಿಟ್ಟರು. ಹೊತ್ತಾದ ಮೇಲೆ ತಳದ ಬಿರಡೆ ತೆಗೆದರೆ ಒಂದು ಹನಿ ಇಳಿಯಲಿಲ್ಲ. ಎಲೆನಮ್ಮ ಕೋಲು ಹಾಕಿ ನೋಡಿದರು. ಕೋಲು ನೆಟ್ಟಗೆ ನಿಂತುಕೊಂಡಿತು.

"ನೀನು ಹೊಟ್ಟು ಏನು ಮಾಡಿದೆ?" ಎಂದು ಕೇಳಿದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಶುದ್ಧ ಮಾಡಿದೆನಮ್ಮ."

"ಆ ಹೊಟ್ಟೇ ಕಣಪ್ಪ ಜರಡಿ. ಅದು ತಳದಲ್ಲಿ ಹಾಸಿಕೊಂಡರೆ ತಾನೇ ರಸ ಸೋಸಿ ಇಳಿಯುವುದು."

ಅಷ್ಟೂ ಹಂದಿಗಳ ಪಾಲಾಯಿತು. ಎಲೆನಮ್ಮ ಬೈಯಲಿಲ್ಲ. ದೊರೆ ಮಾತ್ರ ಮೀಸೆಯಡಿ ನಗುತ್ತ, "ಮುದ್ದೆ ಮಾಡ್ದೆಲ್ಲೋ" ಎಂದರು. ನನಗೆ ನಗು ಬರಲಿಲ್ಲ. ಶುದ್ಧ ಮಾಡುತ್ತೇನೆಂದು ಹೊರಟು ಕೆಡಿಸುವುದು ನನಗೆ ರೂಢಿಯಾಗಿದೆ ಎಂದು ಆವತ್ತು ಅನ್ನಿಸಿತು. ಎಷ್ಟು ನಿಜವಾದ ಮಾತೆಂದು ಇನ್ನೂ ತಿಳಿದಿರಲಿಲ್ಲ.

ಆಮೇಲೆ ಒಂದೊಂದೇ ತಿದ್ದಿಕೊಂಡೆವು. ಕಾಳು ಬಿರಿಯಬೇಕು, ಹೊಟ್ಟು ಹರಿಯಬಾರದು. ರಸವನ್ನು ದಡದಡ ಬಿಡಬಾರದು, ದಾರದಂತೆ ಬಿಡಬೇಕು. ಇಳಿದಷ್ಟೂ ಮೇಲಿನಿಂದ ಬಿಸಿನೀರನ್ನು ಚಿಮುಕಿಸುತ್ತ ಹೋಗಬೇಕು, ಕಾಳಿಗೆ ಅಂಟಿದ ಸಿಹಿಯೂ ತೊಳೆದು ಬರುತ್ತದೆ. ಒಂಬತ್ತಾಣೆ ಹತ್ತಾಯಿತು, ಹತ್ತೂವರೆಯಾಯಿತು. ಅಲ್ಲಿಗೆ ನಿಂತಿತು. ತೊಟ್ಟಿಯ ಮೇಲೆ ಕೈಯಿಟ್ಟರೆ ಹಲಗೆ ಬೆಚ್ಚಗಿತ್ತು. ಕಾವು ಆಚೆ ಹೋಗುತ್ತಿದೆ ಎಂದು ತಿಳಿಯಿತು. ದೊರೆ ಚಳ್ಳಕೆರೆಯಿಂದ ತಂದು ನೆಲಕ್ಕೆ ಹಾಸಿದ್ದ ಕರಿ ಕಂಬಳಿಯನ್ನು ಎತ್ತಿ ತಂದು ತೊಟ್ಟಿಗೆ ಸುತ್ತಿ ಬಿಗಿದೆ. ಆವತ್ತು ಗಾಜಿನ ಬುರುಡೆ ಹನ್ನೆರಡಾಣೆ ತೋರಿಸಿತು. ದೊರೆ ನನ್ನ ಬೆನ್ನಿಗೆ ಗುದ್ದಿದರು.

ಎರಡು ಬಟ್ಟಲು

ಒಂದು ಸಂಗತಿ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಎಲೆನಮ್ಮ ಹಂಡೆಯ ನೀರನ್ನು ಕುದಿಸಿ, ಆಮೇಲೆ ಸುಮ್ಮನೆ ಆರಲು ಬಿಡುತ್ತಿದ್ದರು. ಹಬೆ ಕಡಿಮೆಯಾಗಿ ನೀರಿನಲ್ಲಿ ತಮ್ಮ ಮುಖ ಕಂಡ ಮೇಲೆಯೇ ಕಾಳು ಹಾಕುವುದು. ಕುದಿಯುವ ನೀರಿಗೇ ಹಾಕಿದರೆ ಬೇಗ ಆಗುವುದಿಲ್ಲವೇ, ಶುದ್ಧವೂ ಅಲ್ಲವೇ ಎಂದು ಕೇಳಿದೆ. ಅವರು ಒಂದೇ ಹಿಟ್ಟನ್ನು ಎರಡು ಬಟ್ಟಲಿಗೆ ಹಾಕಿದರು. ಒಂದಕ್ಕೆ ಕಳಕಳ ಕುದಿಯುವ ನೀರು, ಒಂದಕ್ಕೆ ಮುಖ ಕಾಣುವ ನೀರು. ಎರಡನ್ನೂ ಒಲೆಯ ಪಕ್ಕ ಮುಚ್ಚಿಟ್ಟು ಬಟ್ಟೆ ಒಣಗಿಸಲು ಹೋದರು.

ತಿರುಗಿ ಬಂದು ಮುಚ್ಚಳ ತೆಗೆದರೆ ಮೊದಲನೆಯದು ಗೋಡೆಗೆ ಕಾಗದ ಹಚ್ಚುವ ಅಂಟು. ಎರಡನೆಯದು ಹಾಲಿನಷ್ಟು ತೆಳ್ಳಗಿತ್ತು. ಹಿಟ್ಟೂ ಅಷ್ಟೇ, ನೀರೂ ಅಷ್ಟೇ.

"ರುಚಿ ನೋಡು. ಇದು ಇನ್ನೂ ಹೆಂಡವಲ್ಲ, ಮಗುವಿಗೂ ಕುಡಿಸಬಹುದು" ಎಂದರು.

ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡೆ. ಬೆಲ್ಲದ ಸಿಹಿ. ಮೊಳಕೆಯಲ್ಲಿ ಒಂದು ಗುಣವಿದೆ, ಬೆಚ್ಚಗಿನ ನೀರು ಸಿಕ್ಕರೆ ಅದು ಹಿಟ್ಟನ್ನು ಕರಗಿಸಿ ಸಿಹಿ ಮಾಡುತ್ತದೆ, ಕುದಿಯುವ ನೀರು ಬಿದ್ದರೆ ಆ ಗುಣ ಸಾಯುತ್ತದೆ ಎಂದು ಅವರು ಹೇಳುತ್ತಿದ್ದರು. ನನಗೆ "ಮಗುವಿಗೂ" ಎಂದ ಆ ಒಂದು ಮಾತೇ ಕೇಳುತ್ತಿತ್ತು. ಸತ್ವ ಕಳೆಯದೆ ತೆಳ್ಳಗಾಗುವ ಗಂಜಿ. ಪಾರಿಗೆ ಬೇಕಾಗಿದ್ದದ್ದು ಅದೇ. ನಮ್ಮ ಮನೆಯಲ್ಲಿ ಮೊಳಕೆ ರಾಗಿಯೂ ಇತ್ತು, ಒಲೆಯೂ ಇತ್ತು. ಕುದಿಸು ಕುದಿಸು ಎಂದು ಆ ಗುಣವನ್ನು ಕೊಂದವನು ನಾನು. ಎಲೆನಮ್ಮನ ಎದುರಿಗೇ ನೆಲದ ಮೇಲೆ ಕೂತು ಹಣೆ ಚಚ್ಚಿಕೊಂಡೆ. ಅವರಿಗೆ ಗಾಬರಿಯಾಗಿ ನೀರು ತಂದು ಕೊಟ್ಟರು.

ಆವತ್ತೇ ಕಾಗದ ಬರೆದೆ. ಮೇಲೆ ಶಿವನ ಹೆಸರು ಬರೆದು, ಸಂಭ್ರಮದಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದೆ: ಇಲ್ಲಿ ಬಿಯರು ಎಂಬ ಹೆಂಡ ಮಾಡುವ ಮನೆಯಲ್ಲಿ ಒಂದು ವಿದ್ಯೆ ಕಲಿತೆ, ಪಾರಿಯ ಗಂಜಿಯನ್ನು ಇನ್ನು ಮುಂದೆ ಈ ರೀತಿ ಮಾಡಬೇಕು. ಅದರ ಕೆಳಗೆ ಮಾಡುವ ಬಗೆ. ಕಾಗದ ಅಂಚೆಗೆ ಹಾಕಿ ಬಂದ ದಿನ, ಆ ದೇಶಕ್ಕೆ ಹೋದ ಮೇಲೆ ಮೊದಲ ಬಾರಿಗೆ, ಹೊಟ್ಟೆ ತುಂಬ ಉಂಡೆ.

ಎರಡು ತಿಂಗಳಿಗೆ ಅಣ್ಣನ ಉತ್ತರ ಬಂತು. ಮೂರೇ ಸಾಲು. ಕಾಗದ ತಲುಪಿತು. ಎಲ್ಲರೂ ಕ್ಷೇಮ. ಕೊಟ್ಟ ಮಾತು ನೆನಪಿರಲಿ. ತಲುಪಿತು ಎಂಬುದನ್ನೇ ಹತ್ತು ಸಲ ಓದಿಕೊಂಡೆ. ಕೊನೆಯ ಸಾಲನ್ನು ಅಣ್ಣನ ಎಂದಿನ ಉಪದೇಶ ಎಂದು ಬಿಟ್ಟೆ. ನನ್ನಂಥ ಹೆಡ್ಡ ಏಳು ಸಮುದ್ರ ದಾಟಿದರೂ ಹೆಡ್ಡನೇ.

ಸಿದ್ದಾಪುರ

ದಸರಾ ಮುಗಿದ ಮೇಲೆ ಬಳ್ಳಾರಿಯಲ್ಲಿ ರೈಲು ಇಳಿದು ಗಾಡಿ ಮಾಡಿಕೊಂಡೆ. ಗಾಡಿಯವನು ತೆಲುಗಿನವನು. "ಎಂತಮಂದಿ ಪಿಲ್ಲಲು ಸ್ವಾಮಿ?" ಎಂದು ಮಕ್ಕಳೆಷ್ಟೆಂದು ಕೇಳಿದ. ಒಬ್ಬಳು, ಇಷ್ಟು ಹೊತ್ತಿಗೆ ನಡೆಯಲು ಕಲಿಯುತ್ತಿರಬೇಕು ಎಂದೆ. ಬ್ರಹ್ಮಗಿರಿಯ ಬಂಡೆಗಳು ಕಂಡವು. ಕುರಿ ಮಂದೆ ದಾರಿಗೆ ಅಡ್ಡ ಬಂದು ಗಾಡಿ ನಿಂತದ್ದಕ್ಕೂ ನನಗೆ ಸಿಟ್ಟು ಬಂತು.

ಅತ್ತೆ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಮುಖ ನೋಡಲಿಲ್ಲ. ಗೌರವ್ವ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು. ಕಂಕುಳಲ್ಲಿ ಕೂಸಿರಲಿಲ್ಲ.

"ಪಾರಿ ಮಲಗ್ಯಾಳಾ?" ಎಂದೆ.

"ಶ್ರಾವಣದಾಗೆ ಹೋದ್ಲು" ಎಂದಳು.

ನನ್ನ ಬಾಯಲ್ಲಿ ಬಂದದ್ದು ಗಂಜಿಯ ಮಾತು. "ನಾ ಬರ್ದಂಗೆ ಮಾಡ್ಲಿಲ್ಲೇನೆ?"

"ಏನ್ ಬರ್ದಿದ್ರಿ? ಸಂತೆ ಗಾಡಿಯವ್ರು ಬಂದು, ಕ್ಷೇಮವಾಗವ್ರಂತೆ ಅಂತ ಹೇಳಿ ಹೋದ್ರು, ಅಷ್ಟೇ." ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ನೀವ್ ಹೇಳಿದ್ದು ತಪ್ಪಿಸ್ಲಿಲ್ರಿ ನಾನು. ಒಂದಿನಾನೂ ಕುದಿಸ್ದೆ ಕೊಡ್ಲಿಲ್ಲ. ಏನೂ ಆಗ್ಲಿಲ್ಲ ಅವ್ಳಿಗೆ, ಜ್ವರ ಇಲ್ಲ, ಭೇದಿ ಇಲ್ಲ. ಸಣ್ಣಗಾಗ್ತಾ ಸಣ್ಣಗಾಗ್ತಾ ಹೋದ್ಲು."

ನನಗೆ ಅವಳ ಕಾಲು ಹಿಡಿಯಬೇಕೆನ್ನಿಸಿತು. ಅತ್ತೆ ಅಲ್ಲೇ ಇದ್ದರು, ಹಿಡಿಯಲಿಲ್ಲ. ಈಗಲೂ ಹಿಡಿದಿಲ್ಲ.

ಅಣ್ಣನ ಅಂಗಡಿ

ಮಾರನೆಯ ದಿನ ಇಬ್ಬರೂ ಗಾಡಿಯಲ್ಲಿ ಚಳ್ಳಕೆರೆಗೆ ಬಂದೆವು. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅಣ್ಣ ನಮ್ಮನ್ನು ನೋಡಿದವನೇ ತಕ್ಕಡಿ ಕೆಳಗಿಟ್ಟು ಎದ್ದು ನಿಂತ. ಏಳೆಂಟು ತಿಂಗಳಲ್ಲಿ ಮುದುಕನಾಗಿದ್ದ.

"ಪಾರಿ ಹೋದ ಸುದ್ದಿ ನಿನಗೆ ಬರೀಬೇಕು ಅಂತ ಎರಡು ಸಲ ಕೂತೆ ಕಣೋ. ಕೈ ಬರ್ಲಿಲ್ಲ. ಅಷ್ಟು ದೂರ್ದಾಗೆ ಒಬ್ನೇ ಇದ್ದಿ, ಏನಾರ ಮಾಡ್ಕಂಡೀಯ ಅಂತ ಸುಮ್ಕಾದೆ" ಎಂದ.

"ಅದಲ್ಲಣ್ಣ. ಗಂಜಿ ಮಾಡೋದು ಬರ್ದಿದ್ನಲ್ಲ, ಅದನ್ಯಾಕೆ ಸಿದ್ದಾಪುರಕ್ಕೆ ಹೇಳಿ ಕಳಸ್ಲಿಲ್ಲ?"

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಮುಖ ಕೆಂಪಾಯಿತು. "ಮೊದ್ಲನೇ ಸಾಲಾಗೇ ಹೆಂಡ ಮಾಡೋ ಮನ್ಯಾಗೆ ಕಲ್ತೆ ಅಂತ ಬರ್ದಿದ್ದಿ. ಅದೇ ತರ ಪಾರಿ ಗಂಜಿ ಮಾಡ್ಬೇಕು ಅಂದಿದ್ದಿ. ಲಿಂಗ ಕಟ್ಟಿದ ಕೂಸಿಗೆ ಹೆಂಡದ ಗಂಜಿ ಕುಡ್ಸು ಅಂತ ಹೇಳಿ ಕಳಿಸ್ಲೇನೋ ನಾನು? ಕುಡಿದ ಅಮಲ್ನಾಗೆ ಬರ್ದಾನೆ ಅಂದ್ಕಂಡೆ. ಮುಂದೆ ಓದ್ಲಿಲ್ಲ."

"ಓದ್ಲೇ ಇಲ್ವಾ?"

"ಇಲ್ಲ. ಮ್ಯಾಗೆ ಶಿವನ ಹೆಸರಿತ್ತು, ಹರಿಯಾಕೆ ಮನಸ್ಸಾಗ್ಲಿಲ್ಲ. ಪೆಟ್ಟಿಗ್ಯಾಗೆ ಐತೆ."

ಜೋಡಿಸಿಕೊಂಡು ಬಂದ ಜಗಳ ಬಾಯಿಗೆ ಬರಲಿಲ್ಲ. ಯಾರ ಮೇಲೆ ಜಗಳ ಆಡಲಿ? ಸಂತೆ ಗಾಡಿಯವರ ಬಾಯಲ್ಲಿ ಹೋಗುವ ಸುದ್ದಿಗೆ ಗಂಜಿಯ ನಾಲ್ಕು ಸಾಲು ಸಾಕಾಗಿತ್ತು. ಹೆಂಡದ ಮನೆಯ ಸುದ್ದಿ ಯಾರಿಗೆ ಬೇಕಾಗಿತ್ತು? ನಾನು ಏನೋ ಕಲಿತೆ ಎಂಬ ಜಂಬಕ್ಕೆ ಬರೆದೆ. ಬೀಗರು ಕೇಳಿದರೆ ಮನೆತನಕ್ಕೆ ಏನನ್ನುತ್ತಾರೋ ಎಂದು ಅವನು ಹೆದರಿದ. ನಮ್ಮಿಬ್ಬರ ಮರ್ಯಾದೆಯ ನಡುವೆ ಕೂಸು ಹಸಿದು ಹೋಯಿತು.

ಅಣ್ಣ ಪೆಟ್ಟಿಗೆ ತೆಗೆದು ಕಾಗದವನ್ನು ನನ್ನ ಕೈಗಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತ. ಗೌರವ್ವ ಒಳಬಾಗಿಲಲ್ಲಿ ನಿಂತಿದ್ದಳು. ಬಂದು ಕಾಳಿನ ಚೀಲದ ಪಕ್ಕ ನೆಲದ ಮೇಲೆ ಕೂತಳು.

"ಓದ್ರಿ" ಎಂದಳು.

"ಈಗ್ಯಾಕೆ?"

"ನನಗೆ ಬರ್ದಿದ್ದಲ್ಲ? ಓದ್ರಿ."

ಓದಿದೆ. ರಾಗಿ ಹಿಟ್ಟಿನ ಗಂಜಿಯನ್ನು ಎಂದಿನಂತೆ ಕಾಸಿ ಕೆಳಗಿಳಿಸು. ಬೆರಳಿಟ್ಟರೆ ಎರಡು ಎಣಿಸುವವರೆಗೆ ತಡೆಯಬೇಕು, ಮೂರು ಎಣಿಸಿದರೆ ಸುಡಬೇಕು, ಅಷ್ಟು ಬಿಸಿಗೆ ಬರಲಿ. ಆಗ ಒಂದು ಹಿಡಿ ಮೊಳಕೆ ಹಿಟ್ಟು ಕಲಸಿ ಬೆಚ್ಚಗೆ ಮುಚ್ಚಿಡು. ತೆಳ್ಳಗಾದ ಮೇಲೆ ಇನ್ನೊಂದು ಕುದಿ ಬರಿಸಿ ಆರಿಸಿ ಕುಡಿಸು.

ಅವಳು ಬೆರಳು ಮಡಚಿ ಎಣಿಸಿಕೊಳ್ಳುತ್ತ ಕೇಳಿದಳು. ಮೊದಲಿನಿಂದ ಇನ್ನೊಮ್ಮೆ ಓದಿಸಿದಳು.

"ಎಷ್ಟೊತ್ತು ಮುಚ್ಚಿಡ್ಬೇಕು?" ಎಂದಳು.

"ಅರ್ಧ ಗಂಟೆ."

"ಅಷ್ಟೇನಾ?"

"ಅಷ್ಟೇ" ಎಂದೆ.